ಕುತ್ತಿಗೆಯ ಗೆರೆ

ಹಳೆಯ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದವರು ಯಾರು ಎಂದು ಹುಡುಕಿಕೊಂಡು ಕೆಲವು ವರ್ಷಗಳ ಹಿಂದೆ ಒಬ್ಬ ತರುಣ, ಅಂಥ ಪುಸ್ತಕ ಮಾರುತ್ತಿದ್ದ ಅಂಗಡಿಯವರ ಮಗಳು ನಾನೆಂದು ತಿಳಿದು, ನನ್ನಲ್ಲಿಗೆ ಬಂದಿದ್ದ. ಆ ಕಾಲದ ಪುಸ್ತಕಗಳಲ್ಲಿ ಕತೆ ಬರೆದವರ ಹೆಸರಿರುತ್ತದೆ, ಅಚ್ಚು ಹಾಕಿದವರ ಹೆಸರಿರುತ್ತದೆ, ಕೆಲವುಗಳಲ್ಲಿ ಕಾಗದ ಒದಗಿಸಿದವರಿಗೂ ಒಂದು ನಮಸ್ಕಾರ ಇರುತ್ತದೆ. ಚಿತ್ರ ಬರೆದವರಿಗೆ ಮಾತ್ರ ಏನೂ ಇಲ್ಲ. ನರಿ, ಕಾಗೆ, ರಾಜ, ರಾಣಿ ಎಲ್ಲ ತಾವಾಗಿಯೇ ಹಾಳೆಯ ಮೇಲೆ ಬಂದು ಕುಳಿತವೋ ಎನ್ನುವ ಹಾಗೆ. ಪುತ್ತೂರಿನಲ್ಲಿ ಅಚ್ಚಾದ ನಾಲ್ಕಾರು ಪುಸ್ತಕಗಳನ್ನು ಆ ತರುಣ ನನ್ನ ಮುಂದೆ ಹರಡಿ, ಇವುಗಳಲ್ಲಿ ಒಂದು ವಿಚಿತ್ರ ಇದೆ ನೋಡಿ ಎಂದ. ಪ್ರತಿಯೊಂದು ಪ್ರಾಣಿಯ ಕುತ್ತಿಗೆಗೂ ಒಂದು ಗೆರೆ. ಹುಲಿಗೆ ಮಣಿಸರ, ಕಾಗೆಗೆ ಕರಿನೂಲು, ರಾಜನಿಗೆ ಕಂಠಿ, ಅಜ್ಜನಿಗೆ ಶಾಲು. ಏನೂ ಕಟ್ಟಲಾಗದ ಕಡೆ ಬರೀ ಒಂದು ಕಪ್ಪು ಗೆರೆ. ಹೆಸರು ಗೊತ್ತಿಲ್ಲದ ಈ ಕಲಾವಿದರನ್ನು ಅವನು ತನ್ನಷ್ಟಕ್ಕೆ ‘ಗೆರೆಯವರು’ ಎಂದು ಕರೆಯುತ್ತಿದ್ದನಂತೆ. ಆ ಗೆರೆಯನ್ನು ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅವನಿಗೆ ನಾನು ಹೇಳಿದ್ದು ಸ್ವಲ್ಪ, ಹೇಳದೆ ನುಂಗಿಕೊಂಡದ್ದೇ ಹೆಚ್ಚು.

ಪುತ್ತೂರು ಪೇಟೆಯಲ್ಲಿ ನಮ್ಮ ಮನೆಯ ಮುಂಭಾಗವೇ ಉಪ್ಪನ, ಅಂದರೆ ನನ್ನ ತಂದೆಯ, ಅಂಗಡಿ. ಸ್ಲೇಟು, ಬಳಪ, ಶಾಯಿಯ ಗುಳಿಗೆ, ನಿಬ್ಬು, ಕಾಪಿ ಪುಸ್ತಕ ಇವೇ ಸರಕು. ಅಂಗಡಿಯ ಹಿಂದೆ ನಡುಕೋಣೆ, ಅದರ ಹಿಂದೆ ಅಡುಗೆಕೋಣೆ, ಆಮೇಲೆ ಬಾವಿಕಟ್ಟೆ. ಅಂಗಡಿಗೂ ನಡುಕೋಣೆಗೂ ನಡುವೆ ಬಾಗಿಲಿರಲಿಲ್ಲ, ಗೋಣಿಯ ಪರದೆ ಇತ್ತು. ಆ ಪರದೆಯಿಂದ ಈಚೆ ನನ್ನ ತಾಯಿ ಉಮ್ಮ, ಅಜ್ಜಿ, ನಾನು, ನನ್ನ ತಮ್ಮ ಅಬ್ಬು. ಆಚೆ ಇಡೀ ಪುತ್ತೂರು. ಅಜ್ಜಿ ಎಂದರೆ ಉಮ್ಮನ ತಾಯಿ. ಮನೆ ಅವಳದ್ದು. ಉಪ್ಪ ಹಿಂದೆಮುಂದೆ ಯಾರೂ ಇಲ್ಲದ ಮನುಷ್ಯ, ಮನೆ ಅಳಿಯನಾಗಿ ಬಂದವರು, ಆದ್ದರಿಂದ ಅಜ್ಜಿಯ ಎದುರು ಅವರ ಧ್ವನಿ ಯಾವಾಗಲೂ ಒಂದು ಮೆಟ್ಟಿಲು ಕೆಳಗೆ. ಮನೆಯೊಳಗೆ ನಮ್ಮದು, ಕರಾವಳಿಯ ಮುಸ್ಲಿಮರದು, ಬ್ಯಾರಿ ಭಾಷೆ, ಪರದೆಯ ಆಚೆ ತುಳು ಮತ್ತು ಕನ್ನಡ. ಎಲ್ಲವನ್ನೂ ಇಲ್ಲಿ ಊರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಮೊಮ್ಮಕ್ಕಳಿಗೆ ಈಗ ಅದೂ ಅರ್ಧಂಬರ್ಧ.

ಉಮ್ಮ ಕಡಬದಲ್ಲಿ ತನ್ನ ಸೋದರಮಾವನ ಮನೆಯಲ್ಲಿದ್ದು ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ನಿಧಾನ ಓದುವಳು. ಮದುವೆ ಮನೆಗಳಲ್ಲಿ ಮದರಂಗಿ ಹಾಕಲಿಕ್ಕೆ, ತಲೆದಿಂಬಿನ ಬಟ್ಟೆಗೆ ಕಸೂತಿಯ ಬಳ್ಳಿ ಎಳೆದುಕೊಡಲಿಕ್ಕೆ ಅವಳನ್ನೇ ಕರೆಯುತ್ತಿದ್ದರು. ಬಳ್ಳಿ, ಎಲೆ, ಹೂವು, ಚಂದ್ರ. ಅದಕ್ಕೆಲ್ಲ ಅಜ್ಜಿಯ ಅಡ್ಡಿ ಇರಲಿಲ್ಲ. ಜೀವ ಇರುವುದನ್ನು ಬರೆಯಬಾರದು, ಅಷ್ಟೇ. ಉಮ್ಮ ಅದನ್ನು ಮೀರಿದವಳೂ ಅಲ್ಲ. ಆದರೆ ಸ್ಲೇಟು ಕಟ್ಟಿಕೊಂಡು ಬರುತ್ತಿದ್ದ ಕಂದು ಕಾಗದದ ಹಿಂಬದಿಯಲ್ಲಿ, ಅನ್ನ ಬೇಯುವಷ್ಟು ಹೊತ್ತಿನಲ್ಲಿ, ಅವಳು ಬೆಕ್ಕನ್ನೋ ಬಾವಿಕಟ್ಟೆಯ ಕಾಗೆಯನ್ನೋ ಬರೆದು, ಅಬ್ಬುವಿಗೆ ತೋರಿಸಿ, ನಗಿಸಿ, ಕೂಡಲೇ ಒಲೆಗೆ ಹಾಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಬ್ಬು ಆಗ ಇನ್ನೂ ಅಂಬೆಗಾಲು ಬಿಟ್ಟು ಎದ್ದು ನಿಲ್ಲುತ್ತಿದ್ದ ಮಗು. ಕಾಗದ ಒಲೆಯೊಳಗೆ ಮಡಚಿಕೊಳ್ಳುವಾಗ ಅವನು ಅಳುತ್ತಿದ್ದ, ಉಮ್ಮ ಇನ್ನೊಂದು ಬರೆಯುತ್ತಿದ್ದಳು.

ಊರಿನಲ್ಲಿ ಒಬ್ಬರು ನಿವೃತ್ತ ಮಾಸ್ಟರು ಸಣ್ಣ ಪ್ರೆಸ್ಸು ಇಟ್ಟಿದ್ದರು. ಮದುವೆ ಕಾಗದ ಅಚ್ಚು ಹಾಕಿ ಉಳಿದ ಹೊತ್ತಿನಲ್ಲಿ ಮಕ್ಕಳ ಕತೆ ಬರೆದು ತಾವೇ ಪುಸ್ತಕ ಮಾಡಿ ನಮ್ಮ ಅಂಗಡಿಯಲ್ಲಿ ಮಾರಲಿಕ್ಕೆ ಇಡುತ್ತಿದ್ದರು. ಅವರನ್ನು ಉಮ್ಮ ಕಣ್ಣಿಂದ ಕಂಡದ್ದೇ ಇಲ್ಲ. ಪರದೆಯ ಆಚೆಯಿಂದ ಬರುವ ಅವರ ನಶ್ಯದ ಸೀನು, ನಶ್ಯ ತುಂಬಿದ ಮಾತು ಇಷ್ಟೇ ಪರಿಚಯ. ಮೊದಲ ಪುಸ್ತಕ ಮಾರಾಟವಾಗದೆ ಗೆದ್ದಲಿಗೆ ಆಹಾರವಾಗುತ್ತಿದ್ದಾಗ ಉಪ್ಪ ಅವರಿಗೆ ಹೇಳಿದರು, ಮಕ್ಕಳು ಬಂದು ಹಾಳೆ ಮಗುಚಿ ನೋಡುತ್ತಾರೆ, ಚಿತ್ರ ಇಲ್ಲ ಎಂದು ಇಟ್ಟು ಹೋಗುತ್ತಾರೆ. ಚಿತ್ರ ಬರೆಯುವವರನ್ನು ಎಲ್ಲಿಂದ ತರುವುದು ಎಂದು ಮಾಸ್ಟರು ಗೊಣಗಿದರು. ಮರುದಿನ ಉಪ್ಪ ಮುಂದಿನ ಕತೆಯ ಪ್ರೂಫು ಹಾಳೆಗಳನ್ನು ಮಡಚಿ ಒಳಗೆ ತಂದರು. ಅಡುಗೆಕೋಣೆಯ ಕಿಟಕಿಯ ಮೇಲೆ ಇಟ್ಟು ಹೋದರು. ಅವರಿಗೆ ಉಮ್ಮನ ಒಲೆಯ ಗುಟ್ಟು ಮೊದಲೇ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆವತ್ತು.

ಎಣ್ಣೆ ತರಲು ಪೇಟೆಗೆ ಹೋಗುವ ನರಿಯ ಕತೆ ಅದು. ನಾನು ಓದಿ ಹೇಳಿದೆ, ಉಮ್ಮ ಬರೆದಳು. ಬಾಟಲಿಯ ಕೊರಳಿಗೆ ಹಗ್ಗ ಕಟ್ಟಿ ಬಾಲಕ್ಕೆ ಸಿಕ್ಕಿಸಿಕೊಂಡು, ಪುತ್ತೂರು ಸಂತೆಗೆ ಹೊರಟ ಯಾವುದೋ ನೆಂಟನ ಹಾಗೆ ನಡೆಯುತ್ತಿದ್ದ ನರಿ. ಅಷ್ಟರಲ್ಲಿ ಅಜ್ಜಿ ಬಂದು ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಆವತ್ತಿನ ಜಗಳದಲ್ಲಿ ಮಧ್ಯಾಹ್ನದ ಗಂಜಿ ಆರಿ ಕೆನೆ ಕಟ್ಟಿತು, ಯಾರೂ ಬಟ್ಟಲಿಗೆ ಕೈ ಹಾಕಲಿಲ್ಲ. ಅಜ್ಜಿ ಕೂಗಾಡುವವಳಲ್ಲ. ಒಂದೇ ಮಾತನ್ನು ಮೆಲ್ಲಗೆ ಮತ್ತೆ ಮತ್ತೆ ಹೇಳುವಳು, ಅದು ಕೂಗಿದ್ದಕ್ಕಿಂತ ಕಷ್ಟ. ನಾಳೆ ಅಲ್ಲಾಹನು ಇದಕ್ಕೆ ಜೀವ ಕೊಡು ಎಂದು ಕೇಳಿದರೆ ಎಂತ ಮಾಡುತ್ತೀ ಎನ್ನುವುದು ಅವಳ ಪ್ರಶ್ನೆ. ಉಮ್ಮ ನೆಲ ನೋಡುತ್ತಿದ್ದಳು, ಆದರೆ ಕಾಗದವನ್ನು ಒಲೆಗೆ ಹಾಕಲಿಲ್ಲ. ಅದೇ ಮೊದಲ ಸಲ ಅವಳು ಹಾಕದೆ ಇದ್ದದ್ದು.

ಎರಡು ದಿನ ಮುಖ ಊದಿಸಿಕೊಂಡು ಇದ್ದ ಮೇಲೆ ಅಜ್ಜಿಯೇ ಒಂದು ದಾರಿ ಕಂಡುಕೊಂಡಳು. ಮದ್ರಸದಲ್ಲಿ ಧರ್ಮಪಾಠ ಹೇಳುವ ಮುಸ್ಲಿಯಾರರು ಮನೆಗೆ ಮೌಲೂದು ಓದಲು ಬಂದಿದ್ದಾಗ, ಇದಕ್ಕೇನು ದಾರಿ ಎಂದು ಪರದೆಯ ಮರೆಯಿಂದ ಕೇಳಿದಳು. ಕುತ್ತಿಗೆ ಕಡಿದ ರೂಪಕ್ಕೆ ಜೀವದ ಲೆಕ್ಕವಿಲ್ಲ, ಅದು ಮರದ ಹಾಗೆ ಎಂದು ಹಿಂದಿನವರು ಹೇಳಿದ್ದುಂಟು ಎಂದರಂತೆ ಅವರು. ಅಜ್ಜಿಗೆ ಅಷ್ಟು ಸಾಕಾಯಿತು. ಮಗಳ ಕೈಯನ್ನು ಕಟ್ಟಿಹಾಕುವುದು ಅವಳಿಗೂ ಬೇಡವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅಡುಗೆಕೋಣೆಗೆ ಬಂದು ಅವಳು ಹೇಳಿದ ಮಾತು ಹಾಗೇ ನೆನಪಿದೆ.

“ಬರೆಯುದಾದರೆ ಬರಿ. ಆದರೆ ಪ್ರತಿಯೊಂದರ ಕುತ್ತಿಗೆಗೆ ಅಡ್ಡ ಒಂದು ಗೆರೆ ಹಾಕಬೇಕು. ತಲೆ ಬೇರೆ, ಮೈ ಬೇರೆ. ಗೆರೆ ನಾನು ನೋಡದೆ ಕಾಗದ ಈ ಮನೆ ದಾಟಲಿಕ್ಕಿಲ್ಲ. ಮತ್ತೆ ಹೆಸರು ಗಿಸರು ಎಂತದೂ ಬೇಡ.”

ಹಾಗೆ ನಮ್ಮ ಮನೆಯಲ್ಲಿ ಒಂದು ಹೊಸ ಕ್ರಮ ಶುರುವಾಯಿತು. ಮಧ್ಯಾಹ್ನದ ಲುಹರ್ ನಮಾಜು ಮುಗಿದು, ಪಾತ್ರೆ ತೊಳೆದು ಕವುಚಿಟ್ಟ ಮೇಲೆ ಉಮ್ಮ ಕಿಟಕಿಯ ಬಳಿ ಮಣೆ ಹಾಕಿ ಕೂರುವಳು. ಅಬ್ಬು ಸೀರೆಯ ತೊಟ್ಟಿಲಲ್ಲಿ, ಕಾಲಬೆರಳಿಗೆ ಸಿಕ್ಕಿಸಿಕೊಂಡ ಹಗ್ಗದಿಂದ ಅವನನ್ನು ತೂಗುತ್ತ, ಕೈಯಲ್ಲಿ ನಿಬ್ಬು. ಶಾಲೆಯಿಂದ ಬಂದ ನಾನು ಕತೆಯನ್ನು ಮತ್ತೆ ಓದಿ ಹೇಳಬೇಕು. ಸಂಜೆಯ ಅಸರ್ ನಮಾಜಿಗೆ ಮುಂಚೆ ಅಜ್ಜಿ ಬಾವಿಕಟ್ಟೆಯ ಬೆಳಕಿಗೆ ಕಾಗದ ಹಿಡಿದು ಒಂದೊಂದೇ ಕುತ್ತಿಗೆಯನ್ನು ಪರೀಕ್ಷೆ ಮಾಡುವಳು. ಸಾಲು ಸಾಲು ಇರುವೆಗಳ ಚಿತ್ರ ಬಂದಾಗ ಉಮ್ಮನ ಗೋಳು ಕೇಳಬಾರದು. ಕೆರೆಯ ಮೀನಿನ ಕತೆ ಬಂದಾಗಲಂತೂ ಮನೆಯಲ್ಲಿ ದೊಡ್ಡ ಚರ್ಚೆ. ಮೀನಿಗೆ ಕುತ್ತಿಗೆ ಎಲ್ಲಿ ಉಂಟು ಎಂದು ಉಮ್ಮ ಕೇಳಿದಳು. ಅಜ್ಜಿ ಅಂದಿನ ಬಂಗುಡೆಯೊಂದನ್ನು ಮಣೆಯ ಮೇಲಿಟ್ಟು, ಕಿವಿರಿನ ಹಿಂದೆ ತಾನು ಜೀವಮಾನವಿಡೀ ಕತ್ತಿ ಇಟ್ಟ ಜಾಗವನ್ನು ಬೆರಳಿನಿಂದ ತೋರಿಸಿದಳು. ಉಪ್ಪ ಆಚೆ ಅಂಗಡಿಯಲ್ಲಿ ನಗು ತಡೆಯಲಾರದೆ ಕೆಮ್ಮಿದರು. ಅಷ್ಟು ನಗು ಆ ಮನೆಯಲ್ಲಿ ಇದ್ದದ್ದು ನಿಜ. ಆಮೇಲಿನದ್ದನ್ನು ನೆನೆದಾಗ ನಂಬಲಿಕ್ಕೆ ಕಷ್ಟವಾಗುತ್ತದೆ.

ಮಾಸ್ಟರು ಮೊದಲ ಸಲ ಆ ಗೆರೆಯನ್ನು ಶಾಯಿ ತಾಗಿದ ಕಲೆ ಎಂದುಕೊಂಡು ಕಾಗದ ವಾಪಸು ತಂದರು. ಚಿತ್ರ ಭಾರೀ ಚಂದ ಉಂಟು, ಆದರೆ ನರಿಯ ಕುತ್ತಿಗೆಯಲ್ಲಿ ಇದೆಂತದು ಬ್ಯಾರಿಗಳೇ ಎಂದರು. ಉಪ್ಪ, ಅದು ಹಾಗೆಯೇ ಇರಬೇಕು ಮಾಸ್ಟ್ರೇ, ಮನೆಯ ಕ್ರಮ ಎಂದರು. ಮಾಸ್ಟರು ಪರದೆಯ ಕಡೆಗೆ ನೋಡಿದ್ದನ್ನು ನಾನು ಗೋಣಿಯ ತೂತಿನಿಂದ ಕಂಡೆ. ಅವರಿಗೆ ಅರ್ಥವಾಯಿತು. ಮತ್ತೆ ಒಂದು ದಿನವೂ ಬರೆದದ್ದು ಯಾರು ಎಂದು ಕೇಳಲಿಲ್ಲ. ಗೆರೆ ಸಮೇತ ಚಿತ್ರವನ್ನು ಹಾಗೇ ಅಚ್ಚಿನ ಬ್ಲಾಕು ಮಾಡಿಸಲಿಕ್ಕೆ ಮಂಗಳೂರಿಗೆ ಕಳಿಸಿದರು. ಆದರೆ ಅದಾದ ಮೇಲೆ ಉಮ್ಮ ಉಪಾಯ ಮಾಡಿದಳು. ಬರೀ ಗೆರೆ ಹಾಕಿದರೆ ಕಡಿದ ಹಾಗೆ ಕಾಣುತ್ತದೆ, ಸರ ಹಾಕಿದರೆ ಅಲಂಕಾರ ಮಾಡಿದ ಹಾಗೆ ಕಾಣುತ್ತದೆ. ಅಜ್ಜಿಗೆ ಎರಡೂ ಒಂದೇ. ಉಮ್ಮನಿಗೆ ಒಂದೇ ಆಗಿರಲಿಲ್ಲ.

ಪುಸ್ತಕಗಳು ಖರ್ಚಾದವು. ಶಾಲೆಯಲ್ಲಿ ಮಕ್ಕಳು ಆ ನರಿಯನ್ನು ಸ್ಲೇಟಿನ ಮೇಲೆ ಬರೆಯುವಾಗ ಕುತ್ತಿಗೆಯ ಗೆರೆಯನ್ನೂ ಸೇರಿಸಿ ಬರೆಯುತ್ತಿದ್ದರು. ಪಂಜದಿಂದ ಬಂದು ನೆಂಟರ ಮನೆಯಲ್ಲಿದ್ದ ಒಬ್ಬಳು ಗೌಡರ ಹುಡುಗಿ, ಅದು ದೃಷ್ಟಿ ತಾಗದಿರಲಿಕ್ಕೆ ಕಟ್ಟಿದ್ದು ಎಂದು ಎಲ್ಲರಿಗೂ ಸಾರಿದಳು. ನನ್ನ ಉಮ್ಮ ಬರೆದದ್ದು ಎಂದು ಹೇಳಿಬಿಡಬೇಕು, ಹೇಳುವ ಹಾಗಿಲ್ಲ. ಬದಲಿಗೆ ನಾನು ಹುಡುಕುವ ಆಟ ಹಿಡಿದೆ. ಕಡಬಕ್ಕೆ ನೆಂಟರ ಮದುವೆಗೆ ಹೋದಾಗ ಬೆಲ್ಲ ಕಟ್ಟಿಕೊಟ್ಟ ಹರಕು ಹಾಳೆಯಲ್ಲಿ ನಮ್ಮ ಕಾಗೆ ಸಿಕ್ಕಿತು. ಸುಳ್ಯದಲ್ಲಿ ದರ್ಜಿಯ ಅಂಗಡಿಯ ಗೋಡೆಗೆ ನಮ್ಮ ರಾಜನನ್ನು ಅಂಟಿಸಿದ್ದರು. ದೂರದಿಂದಲೇ ಕುತ್ತಿಗೆ ನೋಡಿ ಗುರುತು ಹಿಡಿಯುತ್ತಿದ್ದೆ. ಮನೆಗೆ ಬಂದು ಉಮ್ಮನ ಕಿವಿಯಲ್ಲಿ ಇಂಥಲ್ಲಿ ಇಂಥವನನ್ನು ಕಂಡೆ ಎಂದು ಹೇಳಿದರೆ, ಪರವೂರಿಗೆ ಹೋದ ಮಕ್ಕಳ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದಳು. ಹೌದಾ, ಚೆನ್ನಾಗಿದ್ದಾನಾ ಎಂದು ಕೇಳುತ್ತಿದ್ದಳು.

ಮುಂದಿನ ಪುಸ್ತಕಕ್ಕೆ ರಟ್ಟಿನ ಮೇಲೆ ಬಣ್ಣದ ಚಿತ್ರ ಬೇಕು ಎಂದು ಮಾಸ್ಟರು ಆಸೆಪಟ್ಟರು. ಒಳಗೆ ಯಥಾಪ್ರಕಾರ ಹಕ್ಕಿ, ಪ್ರಾಣಿ. ರಟ್ಟಿಗೆ ಮಾತ್ರ ಒಂದು ಮಲಗಿದ ಮಗು. ಉಮ್ಮನಿಗೆ ಮಗುವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಕಾಲಬೆರಳಿನ ಹಗ್ಗದ ಇನ್ನೊಂದು ತುದಿಯಲ್ಲೇ ಇತ್ತು. ಅಬ್ಬು ಕೆನ್ನೆಯಡಿ ಮುಷ್ಟಿ ಇಟ್ಟು, ಕೆಳತುಟಿ ಸ್ವಲ್ಪ ಮುಂದೆ ಮಾಡಿ, ಯಾರ ಮೇಲೋ ಸಿಟ್ಟು ಮಾಡಿಕೊಂಡವನ ಹಾಗೆ ಮಲಗುತ್ತಿದ್ದ. ಹಾಗೆಯೇ ಬರೆದಳು. ಬಣ್ಣ ಹಾಕಲಿಕ್ಕೆ ಉಪ್ಪ ಅಂಗಡಿಯಿಂದ ಬಣ್ಣದ ಬಿಲ್ಲೆಗಳನ್ನು ಒಡೆದು ಕೊಟ್ಟರು. ಎಷ್ಟೋ ಮಧ್ಯಾಹ್ನ ಆ ಒಂದು ಚಿತ್ರ ಸಾಗಿತು. ಮುಗಿದ ದಿನ ನಾನು ಶಾಲೆಯಲ್ಲಿದ್ದೆ. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕಾಗದವನ್ನು ಬೆಳಕಿಗೆ ಹಿಡಿದು, ಮಗುವಿನ ಗಲ್ಲದ ಕೆಳಗೆ ಸೀರೆಯ ನೆರಿಗೆಗಳನ್ನು ಬೆರಳಿನಿಂದ ಸವರಿ, ಆಯಿತು ಕೊಡು ಎಂದಳಂತೆ. ಉಪ್ಪ ಅದನ್ನು ಮಾಸ್ಟರಿಗೆ ಕೊಟ್ಟುಬಂದರು. ಬಣ್ಣದ ಬ್ಲಾಕು ಆಗಿ ಬರಲಿಕ್ಕೆ ಬಹಳ ದಿನ ಹಿಡಿಯಿತು.

ಆ ದಿನಗಳಲ್ಲಿ ಅಬ್ಬುವಿಗೆ ಜ್ವರ ಬಂತು. ಮೊದಲು ಬರೀ ಜ್ವರ, ಆಮೇಲೆ ಗಂಟಲು ಬಾತು ಕುತ್ತಿಗೆ ದಪ್ಪಗಾಯಿತು. ಎದೆಹಾಲು ನುಂಗಲಾರದೆ ಮೂಗಿನಿಂದ ಹೊರಗೆ ಬರುತ್ತಿತ್ತು. ಗಂಟಲೊಳಗೆ ಪೊರೆ ಕಟ್ಟುತ್ತಿದೆ, ಗಂಟಲಮಾರಿ, ಕೂಡಲೇ ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಉಪ್ಪ ಒಬ್ಬರ ಕಾರು ಬೇಡಿ ತಂದರು. ಉಮ್ಮ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಪಾಣೆಮಂಗಳೂರು ಸೇತುವೆ ದಾಟುವುದಕ್ಕೆ ಮೊದಲೇ ಕಾರು ತಿರುಗಿಸಬೇಕಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕಾರು ಅಂಗಡಿಯ ಮುಂದೆ ಬಂದು ನಿಂತದ್ದು, ಉಪ್ಪ ಇಳಿದು ಅಂಗಡಿಯ ಹಲಗೆಗಳನ್ನು ಒಂದೊಂದೇ ಜೋಡಿಸಿ ಬಾಗಿಲು ಹಾಕತೊಡಗಿದ್ದು, ನಾನು ಪರದೆಯ ಹಿಂದೆ ನಿಂತು ನೋಡಿದೆ. ಒಳಗೆ ಕತ್ತಲಾಗುತ್ತ ಬಂತು. ಉಮ್ಮ ಕಾರಿನಿಂದ ಇಳಿದಿರಲಿಲ್ಲ.

ಅವನನ್ನು ಮಣ್ಣು ಮಾಡಿದ ಮೇಲೆ ಮನೆಯಲ್ಲಿ ಕುರಾನ್ ಓದುವುದು, ಬರುವವರು, ಹೋಗುವವರು. ಆ ಗಲಾಟೆ ಮುಗಿದು ಮನೆ ಖಾಲಿಯಾಗಿದ್ದ ಒಂದು ದಿನ ಮಾಸ್ಟರು ಹೊಸ ಪುಸ್ತಕದ ಕಟ್ಟನ್ನು ಅಂಗಡಿಯಲ್ಲಿ ಇಟ್ಟು, ಕಣ್ಣೊರೆಸಿಕೊಂಡು ಹೋದರು. ಉಪ್ಪನಿಗೆ ಬೇರೆ ಏನೂ ತೋಚಲಿಲ್ಲ, ಪಾಪ. ನಮ್ಮ ಮನೆಯಲ್ಲಿ ಫೋಟೊ ತೆಗೆಸುವ ಪದ್ಧತಿ ಇರಲಿಲ್ಲ. ಹೋದ ಮಗುವಿನ ಮುಖ ಇಲ್ಲಿ ಉಳಿದಿದೆಯಲ್ಲ, ಹೆತ್ತವಳಿಗೆ ಅಷ್ಟಾದರೂ ಸಮಾಧಾನ ಎಂದುಕೊಂಡು ಒಂದು ಪುಸ್ತಕವನ್ನು ಒಳಗೆ ತಂದು ಉಮ್ಮನ ಮಡಿಲಲ್ಲಿ ಇಟ್ಟರು. ಅಜ್ಜಿ ಎದುರಿಗೆ ಗೋಡೆಗೆ ಒರಗಿ ಜಪಮಣಿ ಎಣಿಸುತ್ತ ಕೂತಿದ್ದಳು. ಎಂತ ಅದು ಎಂದು ಕೇಳಿದಳು. ಅಬ್ಬುವಿನ ಚಿತ್ರ ಎಂದರು ಉಪ್ಪ. ಅಜ್ಜಿ ಕೈ ಚಾಚಿ ಪುಸ್ತಕ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಅಚ್ಚಿನಲ್ಲಿ ಸೀರೆಯ ಬಣ್ಣ ತಿಳಿಯಾಗಿ, ಮಗುವಿನ ಮೈ ಬಿಡಿಸಿಕೊಂಡು ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು.

“ಇದಕ್ಕೆ ಗೆರೆ ಎಲ್ಲಿ ಉಂಟು?”

ಉಮ್ಮ ತಲೆ ಎತ್ತಲಿಲ್ಲ.

“ಇಲ್ಲ ಉಮ್ಮ. ನಾನು ಹಾಕಲಿಲ್ಲ. ಅವನ ಕುತ್ತಿಗೆಗೆ ಗೆರೆ ಹಾಕಲಿಕ್ಕೆ ನನಗೆ ಕೈ ಬರಲಿಲ್ಲ.”

ಅಷ್ಟೇ ಮಾತು. ಯಾರೂ ಅಳಲಿಲ್ಲ, ಯಾರೂ ಬೈಯಲಿಲ್ಲ. ಅಜ್ಜಿ ಬೈದಿದ್ದರೆ ಬಹುಶಃ ಉಮ್ಮ ಬದುಕಿಕೊಳ್ಳುತ್ತಿದ್ದಳು. ಅಜ್ಜಿ ಪುಸ್ತಕವನ್ನು ಕವುಚಿ ನೆಲದ ಮೇಲಿಟ್ಟು, ನಾನು ಸರಿಯಾಗಿ ನೋಡಬೇಕಾಗಿತ್ತು, ನನ್ನ ಕಣ್ಣು ಸುಟ್ಟುಹೋಗಲಿ ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನದಿಂದ ಆ ಇಬ್ಬರು ಹೆಂಗಸರು ಒಂದೇ ತಪ್ಪನ್ನು ಇಬ್ಬರೂ ತಮ್ಮದೆಂದು ಎಳೆದುಕೊಂಡು ಬದುಕಿದರು. ಗೆರೆ ಹಾಕದವಳು ತಾನು ಎಂದು ಒಬ್ಬಳು, ನೋಡದೆ ಬಿಟ್ಟವಳು ತಾನು ಎಂದು ಇನ್ನೊಬ್ಬಳು. ಕಾಗದವನ್ನು ಕೊಂಡುಹೋಗಿ ಕೊಟ್ಟ ಉಪ್ಪ ತಮ್ಮ ಪಾಲನ್ನು ಯಾರಿಗೂ ಹೇಳದೆ ಇಟ್ಟುಕೊಂಡರು. ಕಾಯಿಲೆ ಬಂದದ್ದು ಬೇರೆಲ್ಲಿಗಾದರೂ ಆಗಿದ್ದರೆ, ಹೊಟ್ಟೆಗೋ ತಲೆಗೋ, ಇದು ಯಾರ ಮನಸ್ಸಿಗೂ ಬರುತ್ತಿರಲಿಲ್ಲವೇನೋ. ಬಂದದ್ದು ಗಂಟಲಿಗೆ. ಗೆರೆ ಇಲ್ಲದ ಜಾಗಕ್ಕೇ ಬಂತು ಎಂದು ಉಮ್ಮ ನಂಬಿದಳು.

ಉಪ್ಪ ಮುಸ್ಲಿಯಾರರನ್ನು ಕರೆತಂದರು. ಅವರು ನಡುಕೋಣೆಯಲ್ಲಿ ಕೂತು, ಒಳಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ, ಮಗುವಿನ ಆಯುಷ್ಯ ಅಷ್ಟೇ ಬರೆದದ್ದು, ಅದಕ್ಕೂ ಚಿತ್ರಕ್ಕೂ ಸಂಬಂಧವಿಲ್ಲ, ಹಾಗೆ ಯೋಚಿಸುವುದೇ ತಪ್ಪು, ತಾಯಿಯ ಪ್ರೀತಿಗೆ ಅಲ್ಲಾಹನು ಶಿಕ್ಷೆ ಕೊಡುವವನಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಉಮ್ಮ ಅಡುಗೆಕೋಣೆಯ ಬಾಗಿಲ ಹಿಂದೆ ನಿಂತು ಕೇಳಿದಳು. ಕೇಳಿ, ಅವರಿಗೆ ಚಹಾ ಮಾಡಿ ಕೊಟ್ಟಳು. ಒಳ್ಳೆಯ ಮಾತು ಎಷ್ಟಿದ್ದರೂ ಮನುಷ್ಯನೊಳಗೆ ಹೋಗದೆ ಬಾಗಿಲಲ್ಲೇ ನಿಂತುಬಿಡುತ್ತದೆ ಎಂದು ನನಗೆ ಆವತ್ತೇ ಗೊತ್ತಾಯಿತು. ಈ ಜೀವಮಾನದಲ್ಲಿ ಆಮೇಲೆ ಬಹಳ ಸಲ ಅದು ನಿಜವಾಯಿತು. ನನಗೆ ಯಾರಾದರೂ ಸಮಾಧಾನ ಹೇಳಲು ಬಂದರೆ ಈಗಲೂ ಸಿಡುಕುತ್ತೇನೆ, ಅದಕ್ಕೆ ಕಾರಣ ಆ ದಿನ ಇರಬಹುದು.

ಉಮ್ಮ ಮತ್ತೆ ನಿಬ್ಬು ಮುಟ್ಟಲಿಲ್ಲ. ಬಳ್ಳಿಯನ್ನೂ ಎಳೆಯಲಿಲ್ಲ, ಮದರಂಗಿಯನ್ನೂ ಹಾಕಲಿಲ್ಲ. ಮದುವೆಯ ಮನೆಯವರು ಕರೆಯಲಿಕ್ಕೆ ಬಂದರೆ ಕೈ ನೋವು ಎನ್ನುತ್ತಿದ್ದಳು, ಕ್ರಮೇಣ ಯಾರೂ ಬರಲಿಲ್ಲ. ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಕೇಳುತ್ತಿದ್ದುದು ಬಟ್ಟಲಿನ ಸದ್ದು ಮಾತ್ರ. ಅಜ್ಜಿ ಮೀನು ತುಂಡು ಮಾಡುವುದನ್ನು ಬಿಟ್ಟಳು, ಕಿವಿರಿನ ಹಿಂದೆ ಕತ್ತಿ ಇಡುವುದನ್ನು ನನಗೆ ಕಲಿಸಿದಳು. ಉಪ್ಪ ಒಳಗೆ ತಂದಿದ್ದ ಪ್ರತಿಯನ್ನೂ ಸೇರಿಸಿ ಆ ಪುಸ್ತಕದ ಕಟ್ಟನ್ನು ಮಾಸ್ಟರಿಗೆ ವಾಪಸು ಕೊಟ್ಟರು. ಅವರು ಬೇರೆ ಊರುಗಳಲ್ಲಿ ಮಾರಿಕೊಂಡಿರಬೇಕು. ಆಮೇಲೊಮ್ಮೆ ಅವರು ಬಂದು, ಹೊಸ ಕತೆ ಉಂಟು, ಮನೆಯಲ್ಲಿ ಕೇಳಿ ನೋಡಬಹುದಾ ಎಂದು ಮೆಲ್ಲಗೆ ವಿಚಾರಿಸಿದರು. ಮನೆಯಲ್ಲಿ ಇನ್ನು ಆಗುದಿಲ್ಲ ಮಾಸ್ಟ್ರೇ ಎಂದು ಉಪ್ಪ ಕೈಮುಗಿದರು. ಮಾಸ್ಟರು ಮಂಗಳೂರು ಕಡೆಯ ಒಬ್ಬ ಡ್ರಾಯಿಂಗ್ ಮಾಸ್ಟರನ್ನು ಹಿಡಿದರು. ಮುಂದಿನ ಪುಸ್ತಕಗಳೆಲ್ಲ ಅವರ ಚಿತ್ರಗಳಿಂದಲೇ ಬಂದವು. ಒಳ್ಳೆಯ ಚಿತ್ರಗಳೇ, ನಾನು ಸುಳ್ಳು ಹೇಳಬಾರದು. ಯಾರ ಕುತ್ತಿಗೆಯಲ್ಲೂ ಏನೂ ಇರಲಿಲ್ಲ.

ನನ್ನನ್ನು ಜಾಲ್ಸೂರಿಗೆ ಮದುವೆ ಮಾಡಿ ಕೊಟ್ಟರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ನಮ್ಮ ಹಿತ್ತಿಲಿನ ಆಚೆ ಒಂದು ಗೌಡರ ಮನೆ ಇತ್ತು. ಆ ಮನೆಯ ಯಜಮಾನತಿಯೂ ನಾನೂ ಬಾವಿಯ ನೀರಿಗಾಗಿ ಮಾತು ಶುರುಮಾಡಿ ಗೆಳತಿಯರಾದವರು. ಒಂದು ದಿನ ಅವರ ಜಗಲಿಯಲ್ಲಿ ಮಕ್ಕಳು ಪುಸ್ತಕ ಹರಡಿಕೊಂಡು ಕೂತಿದ್ದರು. ರಟ್ಟಿನ ಮೇಲೆ ಅಬ್ಬು ಮಲಗಿದ್ದ. ಕೆನ್ನೆಯಡಿ ಮುಷ್ಟಿ, ಮುಂದೆ ಬಂದ ಕೆಳತುಟಿ. ನಾನು ಅದನ್ನು ಮಕ್ಕಳ ಕೈಯಿಂದ ಎತ್ತಿಕೊಂಡೆ. ಈ ಪುಸ್ತಕ ನನಗೆ ಬೇಕು ಎಂದು ಗೆಳತಿಗೆ ಹೇಳಿದೆ ಅಷ್ಟೆ. ಮಕ್ಕಳಿಗೆ ಬೇರೆ ಕೊಡಿಸುತ್ತೇನೆ, ತಗೊಂಡು ಹೋಗು ಮಾರಾಯ್ತಿ ಎಂದಳು ಆ ಪುಣ್ಯಾತ್ಗಿತ್ತಿ.

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನೊಳಗೆ ಒಂದು ಹುಚ್ಚು ಲೆಕ್ಕ. ಇಷ್ಟು ವರ್ಷವಾಯಿತು, ಉಮ್ಮ ಈಗ ನೋಡಿದರೆ ಒಮ್ಮೆಯಾದರೂ ಬಾಯಿಬಿಟ್ಟು ಅಳುತ್ತಾಳೆ, ಇದು ನನ್ನ ಅಬ್ಬು, ನಾನು ಬರೆದದ್ದು ಎನ್ನುತ್ತಾಳೆ, ಅಲ್ಲಿಂದ ಮನೆ ಸ್ವಲ್ಪ ಸ್ವಲ್ಪವೇ ಸರಿಯಾಗುತ್ತದೆ. ಅವಳು ಅಡುಗೆಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರದ ಪಕ್ಕದಲ್ಲಿ ಪುಸ್ತಕ ಇಟ್ಟೆ. ಒಮ್ಮೆ ನೋಡಿದಳು. ಕೈ ಅಕ್ಕಿಯಲ್ಲೇ ಆಡುತ್ತಿತ್ತು.

“ಯಾರೋ ಬರೆದದ್ದು ಇದು. ನನ್ನದಲ್ಲ.”

ಉಮ್ಮ, ಇದು ನಮ್ಮ ಅಬ್ಬು ಅಲ್ಲವಾ ಎಂದೆ. ನನ್ನ ಧ್ವನಿ ಎತ್ತರವಾಗಿತ್ತು. ನಿನ್ನ ಹೆಸರು ಯಾರೂ ಹಾಕಲಿಲ್ಲ, ನೀನಾದರೂ ಹೇಳು, ನನ್ನ ಹತ್ತಿರವಾದರೂ ಹೇಳು ಎಂದು ಅವಳ ಭುಜ ಹಿಡಿದು ಅಲುಗಾಡಿಸಿದೆ. ಆಗ ಅವಳು ನನ್ನನ್ನು ನೋಡಿದಳು. ಕಣ್ಣಿನಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

“ನೆಬಿಸಾ, ನನ್ನದು ಅಂತ ಹೇಳಿದರೆ ಅವನನ್ನು ಕೊಂದದ್ದು ನಾನು ಅಂತ ಒಪ್ಪಿದ ಹಾಗೆ. ನಾನು ಸಾಯುವವರೆಗೆ ಹೇಗಾದರೂ ಇರಬೇಕಲ್ಲ. ಇದು ನನ್ನದಲ್ಲ ಅಂತ ಇರ್ಲಿಕ್ಕೆ ಬಿಡು. ನಾನು ಹೋದ ಮೇಲೆಯೂ ಹಾಗೇ ಬಿಡು.”

ಪುಸ್ತಕವನ್ನು ಹಾಗೆಯೇ ಸೆರಗಿನಲ್ಲಿ ಸುತ್ತಿ ವಾಪಸು ತಂದೆ. ಆಮೇಲೆ ಉಮ್ಮ ಬಹಳ ವರ್ಷ ಬದುಕಿದಳು. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ. ಪುಸ್ತಕ ಜಾಲ್ಸೂರಿನ ಮನೆಯಲ್ಲಿ ಒಂದು ಮಳೆಗಾಲ ಗೆದ್ದಲು ಹಿಡಿದು ಮಣ್ಣಾಯಿತು. ಮಣ್ಣನ್ನು ಗುಡಿಸಿ ಹಾಕಿದೆ.

ಆ ತರುಣ ಮೇಜಿನ ಮೇಲೆ ಹರಡಿದ್ದರಲ್ಲಿ ಆ ಪುಸ್ತಕದ ಇನ್ನೊಂದು ಪ್ರತಿಯೂ ಇತ್ತು. ಗೆರೆ ಇರುವುದೆಲ್ಲ ನನ್ನ ಉಮ್ಮನದು ಎಂದು ಹೇಳಿದೆ. ಹೇಳದಿರಲಿಕ್ಕೆ ಆಗಲಿಲ್ಲ. ಅವನು ಆಸೆಯಿಂದ ಹೆಸರು ಕೇಳಿದ, ಕೊಡಲಿಲ್ಲ. ಸಾಕ್ಷಿ ಕೇಳಿದ, ಇರಲಿಲ್ಲ. ಆಮೇಲೆ ಮಲಗಿದ ಮಗುವಿನ ರಟ್ಟನ್ನು ಮುಂದೆ ಎಳೆದು, ಇದು ಮಾತ್ರ ಅವರದ್ದಲ್ಲ ಅಮ್ಮ ಎಂದ. ಒಳಗಿನ ಚಿತ್ರ ಒಬ್ಬರು, ರಟ್ಟಿನದ್ದು ಇನ್ನೊಬ್ಬರು ಬರೆಯುವುದು ಆಗ ಇತ್ತಂತೆ. ಕುತ್ತಿಗೆಯಲ್ಲಿ ಗೆರೆಯಿಲ್ಲ, ಇದಾದ ಮೇಲಿನ ಪುಸ್ತಕಗಳೆಲ್ಲ ಆ ಡ್ರಾಯಿಂಗ್ ಮಾಸ್ಟರದ್ದು, ಆದ್ದರಿಂದ ಇದು ಅವರ ಮೊದಲ ಕೆಲಸ ಇರಬೇಕು ಎಂದು ಬಹಳ ಚೆನ್ನಾಗಿ ತರ್ಕ ಮಾಡಿದ. ಇಷ್ಟರಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಚಿತ್ರ, ಮಗುವನ್ನು ಹತ್ತಿರದಿಂದ ಕಂಡವರ ಕೈ ಎಂದೂ ಹೇಳಿದ. ಅವನು ನನ್ನ ಉತ್ತರಕ್ಕಾಗಿ ಕಾದ. ಇರಬಹುದು ಎಂದೆ.

ಅವನ ಪುಸ್ತಕ ಈಚೆಗೆ ಟಪಾಲಿನಲ್ಲಿ ಬಂತು. ನರಿಯ ಕೆಳಗೆ, ಕಾಗೆಯ ಕೆಳಗೆ, ಮೀನಿನ ಕೆಳಗೆ ‘ಹೆಸರು ತಿಳಿದಿಲ್ಲ’ ಎಂದಿದೆ. ಮಲಗಿದ ಮಗುವಿನ ಕೆಳಗೆ ಡ್ರಾಯಿಂಗ್ ಮಾಸ್ಟರ ಹೆಸರು ದಪ್ಪ ಅಕ್ಷರದಲ್ಲಿದೆ. ನನ್ನ ಮಗಳು ಅದನ್ನು ನೋಡಿ, ಒಂದು ಫೋನ್ ಮಾಡಿದರೆ ಸರಿಮಾಡುತ್ತಾರಲ್ಲ ಉಮ್ಮ ಎಂದಳು. ಅವಳಿಗೆ ಅರ್ಧ ಕತೆ ಗೊತ್ತು. ಇದನ್ನು ಓದಿದ ಮೇಲೆ ಪೂರ್ತಿ ಗೊತ್ತಾಗುತ್ತದೆ. ಯಾವ ಪುಸ್ತಕ ಎಂದು ನಾನಿಲ್ಲಿ ಬರೆದಿಲ್ಲ, ಉಮ್ಮನ ಹೆಸರನ್ನೂ ಬರೆದಿಲ್ಲ, ಬರೆಯುವುದಿಲ್ಲ. ಅಬ್ಬುವಿನ ಇನ್ನೊಂದು ಚಿತ್ರ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಇರುವ ಒಂದರ ಕೆಳಗೆ, ಅವನನ್ನು ಒಂದು ದಿನವೂ ಎತ್ತಿಕೊಳ್ಳದವರ ಹೆಸರಿದೆ. ಅದನ್ನು ತಪ್ಪು ಎಂದು ಹೇಳಬೇಕಾದವಳು, ಹಾಗೇ ಬಿಡು ಎಂದು ಕೇಳಿಕೊಂಡು ಹೋಗಿದ್ದಾಳೆ. ಬಿಟ್ಟಿದ್ದೇನೆ ಉಮ್ಮ.